ಮೇಡಂ ಬರೆದ ಸೊನ್ನೆ

ಶ್ರವಣ ಕೇಂದ್ರದ ಮೇಡಂಗೆ ಕಿವಿ ಪರೀಕ್ಷಿಸಿ ಶ್ರವಣಯಂತ್ರ ಕೂರಿಸುವುದರಲ್ಲಿ ಇಪ್ಪತ್ತು ವರ್ಷದ ಅನುಭವ. ಪರೀಕ್ಷೆಯ ಗ್ರಾಫಿನ ಗೆರೆ ಸರಿಯಿದ್ದರೆ ಕಿವಿಯೂ ಸರಿ ಎಂದು ನಂಬಿದವರು. ಹಾಗಾಗಿ ಯಂತ್ರ ಹಾಕಿಸಿಕೊಂಡವರನ್ನು ಮೂರು ತಿಂಗಳ ನಂತರ ಕೂರಿಸಿಕೊಂಡು, ದಿನಕ್ಕೆಷ್ಟು ಹೊತ್ತು ಹಾಕುತ್ತೀರಿ, ಕೇಳಬೇಕೆಂದಿದ್ದು ಕೇಳುತ್ತಿದೆಯೇ ಎಂದು ವಿಚಾರಿಸಿ ಐದಕ್ಕೆ ಅಂಕ ಬರೆಯಬೇಕೆಂಬ ಹೊಸ ನಿಯಮ ಬಂದಾಗ ಅವರಿಗೆ ತಲೆಬಿಸಿಯಾಯಿತು. ಹೇಗಿದೆ ಎಂದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಅದಕ್ಕೊಂದು ಫಾರಂ ಬೇರೆ ಕೇಡು! ತಾವೇ ಐದು ಗೀಚಿ ಕೈತೊಳೆದುಕೊಳ್ಳುತ್ತಿದ್ದರು.

ಆ ಬೆಳಿಗ್ಗೆ ನಿವೃತ್ತ ದರ್ಜಿಯೊಬ್ಬರು ಏಳು ವರ್ಷದ ಮೊಮ್ಮಗಳ ಜೊತೆ ಬಂದರು. ಊಟಕ್ಕೆ ಕೂತಾಗ ಈ ಹುಡುಗಿ ಹೇಳುವುದೊಂದು ಕೇಳಿಸಿದರೆ ಸಾಕು ಎಂದು ಯಂತ್ರ ಹಾಕಿಸಿಕೊಂಡವರು. ಚೆನ್ನಾಗಿದೆ ಎಂದರು. ಮೇಡಂ ಐದು ಬರೆಯುವುದರಲ್ಲಿದ್ದರು. ಹುಡುಗಿ ಅಡ್ಡಬಾಯಿ ಹಾಕಿದಳು.

"ತಾತ ಊಟಕ್ಕೆ ಕೂತ ಕೂಡಲೇ ಅದನ್ನ ತೆಗೆದಿಡ್ತಾರೆ."

ತಾತ ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿದರು. "ತಟ್ಟೆ ಲೋಟದ ಸದ್ದೇ ತಲೆಗೆ ಬಡಿಯುತ್ತೆ ಮೇಡಂ. ನೀವು ಇಷ್ಟು ಕಷ್ಟಪಟ್ಟಿದ್ದೀರಿ, ಬೇಜಾರು ಮಾಡ್ಕೋಬಾರದು ಅಂತ ಸುಮ್ಮನಿದ್ದೆ."

ಮೇಡಂಗೆ ನಾಚಿಕೆಯಾಯಿತು. ಹೊರಗಿನ ಪಿಸುಮಾತೂ ನುಸುಳದ ಕೋಣೆಯಲ್ಲಿ ಕೂರಿಸಿ ಅವರ ಕಿವಿ ಅಳೆದಿದ್ದರು. ಯಾರ ಮನೆಯ ಊಟದ ಹೊತ್ತು ಅಷ್ಟು ನಿಶ್ಶಬ್ದವಾಗಿರುತ್ತದೆ? ಫಾರಂನಲ್ಲಿ ಸೊನ್ನೆ ಬರೆದು, ಇಬ್ಬರನ್ನೂ ಸಿಬ್ಬಂದಿ ಊಟ ಮಾಡುವ ಕೋಣೆಗೆ ಕರೆದೊಯ್ದರು. ಮೇಡಂ ಹೇಳಿದಂತೆ ಕೇಂದ್ರದ ಆಯಾ ಬೇಕೆಂದೇ ಸ್ಟೀಲ್ ತಟ್ಟೆಗಳನ್ನು ಸದ್ದು ಮಾಡಿ ಜೋಡಿಸಿದಳು. ತಾತ ಮುಖ ಕಿವುಚಿದಾಗಲೆಲ್ಲ ಮೇಡಂ ಲ್ಯಾಪ್‌ಟಾಪಿನಲ್ಲಿ ಯಂತ್ರದ ಸದ್ದಿನ ಮಟ್ಟವನ್ನು ತಿದ್ದಿದರು. ಅರ್ಧ ಗಂಟೆಯಾದ ಮೇಲೆ ಆ ಮುಖ ಸಡಿಲವಾಯಿತು. ಏನಾದರೂ ಮಾತಾಡು ಎಂದು ಮೇಡಂ ಹುಡುಗಿಗೆ ಸನ್ನೆ ಮಾಡಿದರು.

ಅವಳು ತಟ್ಟೆಗಳನ್ನೇ ನೋಡುತ್ತಾ ಮೆಲ್ಲಗೆ ಕೇಳಿದಳು. "ತಾತ, ನನ್ನ ಮೇಲೆ ಯಾಕೆ ಕೋಪ?"

"ಕೋಪಾನಾ? ಯಾರು ಹೇಳಿದ್ರು ಪುಟ್ಟಿ?"

"ಮತ್ತೆ ನಾನು ಪಕ್ಕದಲ್ಲಿ ಕೂತ್ರೆ ಅದನ್ನ ತೆಗೀತೀಯಲ್ಲ. ನನ್ನ ಮಾತು ಬೇಡ ಅಂತ ತಾನೆ?"

ತಾತ ಅವಳನ್ನು ಬರಸೆಳೆದು ಅಪ್ಪಿಕೊಂಡರು.

ಅವರು ಹೋದ ಮೇಲೆ ಮೇಡಂ ತಾವೇ ಐದು ಗೀಚಿದ್ದ ಫಾರಂಗಳನ್ನೆಲ್ಲ ತೆಗೆದು ಎಣಿಸಿದರು. ನಲವತ್ತೊಂದಿದ್ದವು. ಇನ್ನು ಯಾವ್ಯಾವ ಮನೆಯಲ್ಲಿ ಯಾರ್ಯಾರು ಹೀಗೆ ಅಂದುಕೊಂಡು ಕೂತಿದ್ದಾರೋ! ಮೊದಲನೆಯ ಫಾರಂನಲ್ಲಿದ್ದ ಫೋನ್ ನಂಬರ್ ಒತ್ತಿದರು.