ದಂತವೈದ್ಯರ ಕಾಡು

"ಪರವೋ, ವಿರೋಧವೋ?" ಗುಮಾಸ್ತ ತಲೆ ಎತ್ತದೆ ಕೇಳಿದ.

"ನಾನು ಮಾಲೀಕ."

"ಅದು ಸರಿ ಸಾರ್. ಪರ ಆದ್ರೆ ಎಡಗಡೆ ಕುರ್ಚಿ, ವಿರೋಧ ಆದ್ರೆ ಬಲಗಡೆ. ಮಾಲೀಕರಿಗೆ ಅಂತ ಕುರ್ಚಿ ಹಾಕಿಲ್ಲ."

ಅವನು ಪುರಸಭೆಯ ಸಭಾಂಗಣದ ನಡುವಿನ ದಾರಿಯಲ್ಲಿ ನಿಂತಿದ್ದ. ಕೈಯಲ್ಲಿದ್ದ ಒಪ್ಪಿಗೆ ಪತ್ರ ಬೆವರಿಗೆ ಮೆತ್ತಗಾಗಿತ್ತು. ಅಪ್ಪ ಸತ್ತ ಮೇಲೆ ಅವನ ಮತ್ತು ಅಕ್ಕನ ಹೆಸರಿಗೆ ಬಂದ, ಊರಂಚಿನ ಮೂವತ್ತೆರಡು ಎಕರೆ ಕಾಡು ಸಾರ್ವಜನಿಕ ಸಂರಕ್ಷಿತ ಪ್ರದೇಶ ಆಗಬೇಕೋ ಬೇಡವೋ ಎಂದು ಇವತ್ತು ಊರಿನವರೆಲ್ಲ ಸೇರಿ ತೀರ್ಮಾನಿಸುವವರಿದ್ದರು.

"ಕೊಟ್ಟು ಕೈ ತೊಳ್ಕೊಳೋ ಪುಟ್ಟು," ಎಂದಳು ಅಕ್ಕ. "ನನಗೆ ನಾಲ್ಕು ಗಂಟೆಗೆ ಆಸ್ಪತ್ರೆ ಡ್ಯೂಟಿ ಇದೆ."

ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ತರ್ಕಶಾಸ್ತ್ರ ಕಲಿಸುತ್ತಿದ್ದ ನಲವತ್ತೇಳರ ಪುಟ್ಟು ಪತ್ರ ಕೊಟ್ಟ. ಅದರ ಮೇಲೆ ಅವನ ಸಹಿಯೂ ಇತ್ತು, ಅಕ್ಕನ ಸಹಿಯೂ ಇತ್ತು. ಗುಮಾಸ್ತ ಠಪ್ಪೆಂದು ಮೊಹರು ಒತ್ತಿ, ಸಮಯ ಬರೆದುಕೊಂಡ. ಹತ್ತು ಗಂಟೆ ಐದು ನಿಮಿಷ.

"ಈಗ ಎಲ್ಲಿ ಕೂತ್ಕೊಳ್ಲಿ?"

"ಹಿಂದೆ ಗೋಡೆಗೆ ಒರಗಿ ನಿಂತಿರಿ ಸಾರ್. ಅಲ್ಲಿ ಯಾರೂ ಏನೂ ಕೇಳಲ್ಲ."

ಅಪ್ಪ ದಂತವೈದ್ಯರಾಗಿದ್ದರು. ದಿನವಿಡೀ ಊರಿನವರಿಗೆ ಬಾಯಿ ತೆಗೆಯಿರಿ ಎನ್ನುತ್ತಿದ್ದವರು ಮನೆಗೆ ಬಂದು ಮಕ್ಕಳಿಗೆ ಬಾಯಿ ಮುಚ್ಚಿ ಎನ್ನುತ್ತಿದ್ದರು. ಒಂದು ಸಲ ಬಿಟ್ಟರೆ ಬೇರೇನಾದರೂ ಮಾತು ಅವರ ಬಾಯಿಂದ ಬಂದದ್ದು ಅವನಿಗೆ ನೆನಪಿಲ್ಲ. ಭಾನುವಾರ ಬೆಳಿಗ್ಗೆ ಒಬ್ಬರೇ ಕಾಡಿಗೆ ಹೋಗುತ್ತಿದ್ದರು. ಸಂಜೆ ಪ್ಯಾಂಟಿನ ತುಂಬ ಮುಳ್ಳುಬೀಜ ಅಂಟಿಸಿಕೊಂಡು ಬರುತ್ತಿದ್ದರು. ಅಮ್ಮ ಮೆಟ್ಟಿಲ ಮೇಲೆ ಕೂತು ಒಂದೊಂದಾಗಿ ಅವನ್ನು ಕಿತ್ತೆಸೆಯುತ್ತಿದ್ದಳು.

ಒಂಬತ್ತು ವರ್ಷದವನಿದ್ದಾಗ ಅವನು, ನಾನೂ ಬರ್ತೀನಿ, ಎಂದಿದ್ದ.

"ಅಲ್ಲೇನಿದೆ? ಮರ," ಎಂದಿದ್ದರು ಅಪ್ಪ.

ಉತ್ತರದಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ಅವನು ಮತ್ತೆ ಕೇಳಲಿಲ್ಲ. ಈವರೆಗೆ ಆ ಕಾಡಿನೊಳಗೆ ಕಾಲಿಟ್ಟೂ ಇರಲಿಲ್ಲ.

ಅಧ್ಯಕ್ಷರು ಗಂಟೆ ಬಾರಿಸಿದರು. ಮೊದಲ ಮುಕ್ಕಾಲು ಗಂಟೆ, ಅದು ಕಾಡು ಹೌದೋ ಅಲ್ಲವೋ ಎಂಬುದರಲ್ಲೇ ಕಳೆಯಿತು. ಎಷ್ಟು ಮರ ಇದ್ದರೆ ಕಾಡು? ಅದರಲ್ಲಿ ಒಂದನ್ನು ಕಡಿದರೆ ಅದು ಕಾಡಲ್ಲವೋ? ಇನ್ನೊಂದನ್ನು ಕಡಿದರೆ? ಇದನ್ನು ಅವನು ಪ್ರತಿ ವರ್ಷ ಕಾಲೇಜು ಶುರುವಾದ ಎರಡನೇ ದಿನವೇ, ಕಾಳಿನ ರಾಶಿಯ ಉದಾಹರಣೆ ಕೊಟ್ಟು ಪಾಠ ಮಾಡುತ್ತಿದ್ದ. ಜೀವನದಲ್ಲಿ ಮೊದಲ ಸಲ ತನ್ನ ವಿದ್ಯೆ ಯಾರಿಗೋ ಬೇಕಾಗಿದೆ ಎನ್ನಿಸಿ ಕೈ ಎತ್ತಿದ.

"ಹಿಂದೆ ನಿಂತವರು ಕೈ ಇಳಿಸಿ," ಎಂದರು ಅಧ್ಯಕ್ಷರು.

ಆಮೇಲೆ ಎಡಗಡೆಯಿಂದ ಒಬ್ಬ ಹೊಲಿಗೆಯಾಕೆ ಎದ್ದಳು. ಅರವತ್ತರ ಹತ್ತಿರದವಳು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ತೆಗೆಯಲು ಮರೆತಿದ್ದಳು.

"ಡಾಕ್ಟ್ರು ನಮ್ಮನ್ನ ಯಾವತ್ತೂ ತಡೀಲಿಲ್ಲ. ಭಾನುವಾರ ನಾವು ಏಳೆಂಟು ಜನ ಅಲ್ಲಿ ಸೇರ್ತಿದ್ವಿ. ಇದು ನಿಮ್ಮೆಲ್ಲರದ್ದೂ ಅಂತಿದ್ರು ಅವ್ರು. ಆ ಬಂಡೆ ಮೇಲೆ ಕೂತು ಹಾಡ್ತಿದ್ರಲ್ಲ, ಅಬ್ಬಬ್ಬಾ! ನಕ್ಕೂ ನಕ್ಕೂ ಹೊಟ್ಟೆ ನೋವು ಬರೋದು."

ಅವನು ಅಕ್ಕನ ಕಡೆ ನೋಡಿದ. ಅಕ್ಕ ಗೋಡೆಯ ಗಡಿಯಾರ ನೋಡುತ್ತಿದ್ದಳು.

ಬಲಗಡೆಯಿಂದ ಗಡಿಯಾರ ರಿಪೇರಿಯವನು ಎದ್ದ. "ಸುಳ್ಳು. ಕಾಡನ್ನ ಸರ್ಕಾರಕ್ಕೆ ಮಾತ್ರ ಕೊಡಬಾರ್ದು ಅಂತಿದ್ರು ಡಾಕ್ಟ್ರು. ನನ್ನ ಹೆಗಲ ಮೇಲೆ ಕೈ ಹಾಕ್ಕೊಂಡೇ ಹೇಳಿದ್ರು. ನನ್ನ ಹೆಂಡ್ತಿ ಹೋದಾಗ ಮೂರು ತಿಂಗಳು ದಿನಾ ಸಂಜೆ ಅಂಗಡಿಗೆ ಬಂದು ಕೂತವ್ರು ಅವ್ರು."

"ಹೆಗಲ ಮೇಲೆ ಕೈ ಎಲ್ಲರಿಗೂ ಹಾಕ್ತಿದ್ರು," ಎಂದಳು ಹೊಲಿಗೆಯಾಕೆ.

ಎಲ್ಲರಿಗೂ. ಅವನು ತನ್ನ ಹೆಗಲನ್ನು ನೋಡಿಕೊಂಡ. ಗೋಡೆಯ ಸುಣ್ಣ ಹತ್ತಿತ್ತು.

ವಾದ ಕಾಡನ್ನು ಬಿಟ್ಟು ಅಪ್ಪನ ಮೇಲೆ ಹೊರಳಿತು. ಅವರು ಹಾಡುತ್ತಿದ್ದದ್ದು ಯಾವ ಹಾಡು, ಹಕ್ಕಿಯ ಕೂಗನ್ನು ಅಣಕಿಸುವಾಗ ಎಡಗೈ ಬಾಯಿಗಿಡುತ್ತಿದ್ದರೋ ಬಲಗೈಯೋ, ಮರ ಹತ್ತಿ ಬಿದ್ದದ್ದು ಒಂದು ಸಲವೋ ಎರಡು ಸಲವೋ. ಗುಮಾಸ್ತ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಹಾಳೆ ತುಂಬುತ್ತಿತ್ತು. ಮಗನಾಗಿ ಅದಕ್ಕೆ ಸೇರಿಸಲು ತನ್ನ ಹತ್ತಿರ ಒಂದು ಸಾಲೂ ಇಲ್ಲವೆಂದು ಅವನಿಗೆ ಹೊಳೆಯಿತು. ಅವರೆಲ್ಲರ ಮೇಲೆ ಹೊಟ್ಟೆಕಿಚ್ಚಾಯಿತು.

"ಕೊಡಲ್ಲ," ಎಂದ ಅವನು.

ಸಭೆ ತಿರುಗಿ ನೋಡಿತು.

"ಯಾರದು ಹಿಂದೆ?" ಎಂದರು ಅಧ್ಯಕ್ಷರು.

"ಡಾಕ್ಟರ ಮಗ. ಕಾಡು ನನ್ನದು. ಯಾರಿಗೂ ಕೊಡಲ್ಲ."

"ಕಾರಣ?"

ಇಪ್ಪತ್ತು ವರ್ಷ ಹುಡುಗರಿಂದ ಕಾರಣ ಕೇಳಿದವನಿಗೆ ಈಗ ಒಂದೂ ಸಿಗಲಿಲ್ಲ. "ಕಾರಣ ಇಲ್ಲ."

"ಕಾರಣ ಇಲ್ಲದ ಆಕ್ಷೇಪಣೆಗೆ ಕಾಲಂ ಇಲ್ಲ ಸಾರ್," ಗುಮಾಸ್ತ ಅಧ್ಯಕ್ಷರ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಇತರೆ ಅಂತ ಹಾಕ್ಲಾ?"

"ಬೆಳಿಗ್ಗೆ ಒಪ್ಪಿ ಸಹಿ ಮಾಡಿದ್ದೀರಲ್ಲ ಮೇಷ್ಟ್ರೇ," ಎಂದರು ಅಧ್ಯಕ್ಷರು, ಕಾಯಿಲೆಯವರನ್ನು ಮಾತಾಡಿಸುವ ಹಾಗೆ. "ಅದೂ ಅಲ್ದೆ, ಇದರಲ್ಲಿ ನಿಮಗೆ ಸ್ವಂತ ಆಸಕ್ತಿ ಇದೆ. ಆಸಕ್ತಿ ಇರೋರ ಮಾತನ್ನ ನಾವು ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ."

ಅಕ್ಕ ಅವನ ತೋಳು ಜಗ್ಗಿದಳು. "ಏನಾಯ್ತೋ ನಿನಗೆ?"

"ಅಪ್ಪ ಹಾಡ್ತಿದ್ದದ್ದು ನಿನಗೆ ಗೊತ್ತಿತ್ತಾ?"

ಅಕ್ಕ ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ತುಂಬ ಹೊತ್ತು ಹುಡುಕಿದಳು.

ಮಧ್ಯಾಹ್ನ ಬಲಗಡೆಯ ಫ್ಯಾನು ನಿಂತಿತು. ವಿರೋಧಿಗಳಲ್ಲಿ ಹತ್ತಾರು ಜನ ಸೆಕೆ ತಾಳಲಾರದೆ ಎಡಗಡೆಗೆ ಬಂದು ಕೂತರು. ಗಡಿಯಾರ ರಿಪೇರಿಯವನು ಹೊಲಿಗೆಯಾಕೆಯ ಪಕ್ಕದಲ್ಲೇ ಕೂತ. ಅದೇ ಹೊತ್ತಿಗೆ ಅಧ್ಯಕ್ಷರು ಎಣಿಕೆಗೆ ಆಜ್ಞೆ ಮಾಡಿದರು. ಗುಮಾಸ್ತ ಕುರ್ಚಿಗಳ ಪ್ರಕಾರ ಎಣಿಸಿದ. ಭಾರೀ ಬಹುಮತದಿಂದ ಕಾಡು ಸಂರಕ್ಷಿತವಾಯಿತು. ಗಡಿಯಾರ ರಿಪೇರಿಯವನು ಬಾಯಿ ಬಿಟ್ಟುಕೊಂಡು ತಾನು ಕೂತ ಕುರ್ಚಿಯನ್ನೇ ನೋಡಿದ.

"ಹಾಗಾದ್ರೆ ಇನ್ಮೇಲೆ ನಾವು ಯಾವಾಗ ಬೇಕಾದ್ರೂ ಹೋಗ್ಬೋದಲ್ವಾ?" ಹೊಲಿಗೆಯಾಕೆಯ ಮುಖ ಅರಳಿತ್ತು.

"ಸಂರಕ್ಷಿತ ಅಂದ್ಮೇಲೆ ಯಾರೂ ಹೋಗೋ ಹಾಗಿಲ್ಲಮ್ಮ," ಎಂದರು ಅಧ್ಯಕ್ಷರು.

"ಸಾರ್ವಜನಿಕ ಅಂದ್ರಿ?"

"ಸಾರ್ವಜನಿಕರದ್ದೇ. ಸಾರ್ವಜನಿಕರು ಹೋಗೋ ಹಾಗಿಲ್ಲ, ಅಷ್ಟೇ."

ಮೂರು ಗಂಟೆಗೆ ಸ್ಥಳ ಪರಿಶೀಲನೆ. ಕೊನೆಯ ಸಲವೆಂದು ಎಲ್ಲರನ್ನೂ ಒಳಗೆ ಬಿಟ್ಟರು. ಅವನು ಹೊಲಿಗೆಯಾಕೆಯ ಹಿಂದೆ ನಡೆದ. ಅವಳು ಬೇರುಗಳನ್ನು ನೋಡದೆಯೇ ದಾಟುತ್ತಿದ್ದಳು. ಅವನು ನೋಡಿಯೂ ಎಡವುತ್ತಿದ್ದ. ಒಳಗೆ ನಿಜವಾಗಿಯೂ ಮರಗಳಿದ್ದವು. ಅಷ್ಟೇ ಇದ್ದವು.

"ಇದೇ ಬಂಡೆ. ಕೂತ್ಕೊಳ್ಳಿ ಮೇಷ್ಟ್ರೇ," ಎಂದಳು ಅವಳು. ಆಮೇಲೆ ಮೆಲ್ಲಗೆ, "ನಿಮ್ಮ ಬಗ್ಗೆ ತುಂಬ ಹೇಳ್ತಿದ್ರು."

"ಏನಂತ?"

ಅವಳು ಯೋಚಿಸಿದಳು. "ಈಗ ನೆನಪಾಗ್ತಿಲ್ಲ. ಒಳ್ಳೇದೇ ಹೇಳಿರ್ಬೇಕು."

ಅವಳು ಹೊರಟುಹೋದ ಮೇಲೆ ಅವನು ಬಂಡೆಯ ಮೇಲೆ ಕೂತ. ಅತ್ತಿತ್ತ ನೋಡಿದ. ಹಾಡಲೆಂದು ಬಾಯಿ ತೆಗೆದ. ಯಾವ ಹಾಡೂ ಬರಲಿಲ್ಲ. ಮುಚ್ಚಲೂ ಮನಸ್ಸಾಗದೆ ಹಾಗೇ ತೆರೆದುಕೊಂಡು ಕೂತ. ಗಂಟಲು ಒಣಗಿತು. ಒಂದು ನೊಣ ಬಂದು ಇಣುಕಿ, ಆಸಕ್ತಿಯಿಲ್ಲದೆ ಹಾರಿಹೋಯಿತು.

"ಹಲ್ಲು ನೋವೇನೋ?" ಮರಗಳಾಚೆಯಿಂದ ಅಕ್ಕ ಕೇಳಿದಳು. "ಬೇಗ ಬಾ. ಎಲ್ಲ ಹೊರಟ್ರು."

"ನೀನು ನಡಿ, ಬಂದೆ."

ಅವನು ಎದ್ದಾಗ ದಾರಿ ಇರಲಿಲ್ಲ. ಮಾತುಗಳು ಒಮ್ಮೆ ಎಡದಿಂದ ಕೇಳಿಸಿದವು, ಒಮ್ಮೆ ಬಲದಿಂದ. ಎಡಕ್ಕೆ ನಡೆದ. ಆಮೇಲೆ ಬಲಕ್ಕೆ. ಎಲ್ಲೋ ಸುತ್ತಿಗೆಯ ಸದ್ದು ಕೇಳಿ, ಅದನ್ನೇ ಹಿಡಿದು ಹೋದ. ಸುತ್ತಿಗೆ ನಿಂತಿತು. ಅಷ್ಟರಲ್ಲಿ ಮರಗಳು ತೆಳುವಾಗಿ, ಆಚೆ ರಸ್ತೆ ಕಾಣಿಸಿತು. ವ್ಯಾನಿನ ಹತ್ತಿರ ಅಕ್ಕ, ಅಧ್ಯಕ್ಷರು, ಗುಮಾಸ್ತ, ಉಳಿದವರು. ಹೊಲಿಗೆಯಾಕೆ ಏನೋ ಹೇಳಿದಳು. ಎಲ್ಲರೂ ನಕ್ಕರು, ಅಕ್ಕನೂ. ಅಕ್ಕ ಹಾಗೆ ತಲೆ ಹಿಂದಕ್ಕೆ ಹಾಕಿ ನಗಬಲ್ಲಳೆಂದು ಅವನಿಗೆ ಗೊತ್ತಿರಲಿಲ್ಲ.

ಅವನಿಗೂ ರಸ್ತೆಗೂ ನಡುವೆ, ಈಗಷ್ಟೇ ನೆಟ್ಟ ಎರಡು ಕಂಬಗಳ ಮೇಲೆ ಹೊಸ ಫಲಕವಿತ್ತು. ಅವಸರದಲ್ಲಿ ಹಿಂದುಮುಂದಾಗಿ ಹೊಡೆದಿದ್ದರು. ರಸ್ತೆಯ ಕಡೆಗೆ ಬರಿಯ ತಗಡು. ಅಕ್ಷರಗಳೆಲ್ಲ ಕಾಡಿನ ಕಡೆಗೆ, ಅವನ ಕಡೆಗೆ, ಬಣ್ಣ ಇನ್ನೂ ಒಣಗದೆ ಹೊಳೆಯುತ್ತಿದ್ದವು: ಇಲ್ಲಿಂದ ಮುಂದೆ ಪ್ರವೇಶವಿಲ್ಲ.

ಅವನು ಎರಡು ಸಲ ಓದಿದ. ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ.