ಕಡತದಲ್ಲಿ ಉಳಿದ ಮಾತು

ಕೋವಿ ವಿಧೇಯಕದ ಸಮಿತಿ ಕೋಲಾರಕ್ಕೆ ಬರುತ್ತದೆ ಎಂದು ಗೊತ್ತಾದ ದಿನವೇ ಅಂಬ್ರೀನ್ ಶ್ರೀನಿವಾಸಪುರದಲ್ಲಿದ್ದ ತನ್ನ ಅಪ್ಪನಿಗೆ ಫೋನ್ ಮಾಡಿದಳು. ಅವಳು ವಿಧಾನಸಭೆಯ ವರದಿಗಾರ್ತಿ. ಪತ್ರಿಕೆಯವಳಲ್ಲ, ಸದನದ ನಡುವಿನ ಮೇಜಿಗೆ ಕೂತು, ಶಾಸಕರು ಆಡಿದ್ದನ್ನೆಲ್ಲ ಶೀಘ್ರಲಿಪಿಯಲ್ಲಿ ಇಳಿಸಿಕೊಂಡು, ನಡವಳಿ ಎಂಬ ಹೆಸರಿನಲ್ಲಿ ಟೈಪು ಮಾಡಿಕೊಡುವವಳು. ಮಾಲೂರಿನಿಂದ ದಿನಾ ರೈಲು ಹಿಡಿದು ಹೋಗಿ ಹನ್ನೊಂದು ವರ್ಷದಿಂದ ಅದೇ ಕೆಲಸ. ಅಷ್ಟು ವರ್ಷದಲ್ಲಿ ಅವಳ ಕೈ ಬರೆದುಕೊಂಡ ಅವರ ಸುಳ್ಳುಗಳಿಗೆ ಮಿತಿಯಿಲ್ಲ. ಆಡಿದ್ದನ್ನು ಆಡಿದ ಹಾಗೆ ಬರೆಯುವುದರಲ್ಲಿ ಮಾತ್ರ ಒಂದಕ್ಷರ ತಪ್ಪಿರಲಿಲ್ಲ.

"ಅಬ್ಬಾ, ಸಮಿತಿ ಮುಂದೆ ಬಂದು ನಡೆದಿದ್ದು ನಡೆದಂಗೆ ಹೇಳು. ಆವತ್ತು ಬರ್ಕೊಳ್ಳೋಳು ನಾನೇ. ಅಲ್ಲಿ ಬರೆದಿದ್ದು ಪುಸ್ತಕ ಆಗತ್ತೆ. ಆಮೇಲೆ ಯಾರು ಏನಂದ್ರೂ ಅಳ್ಸಕ್ಕಾಗಲ್ಲ," ಎಂದಳು.

ನಡೆದದ್ದು ಇಷ್ಟು. ಅವಳ ಅಪ್ಪ ಗೌಸ್ ಮೊಹಿದ್ದೀನ್ ನಲವತ್ತು ವರ್ಷದಿಂದ ಮಾವಿನ ವ್ಯಾಪಾರಿ. ಹೂ ಬಿಟ್ಟಾಗ ತೋಪು ಗುತ್ತಿಗೆ ಹಿಡಿಯುವುದು, ಕಾಯುವುದು, ಹಣ್ಣು ಮಂಡಿಗೆ ಹಾಕುವುದು. ಎರಡು ವರ್ಷದ ಹಿಂದೆ ವೆಂಕಟರಮಣಪ್ಪನ ತೋಪು ಹಿಡಿದಿದ್ದಾಗ, ಬೆಳಗಿನ ಹೊತ್ತು ಬಿದ್ದ ಕಾಯಿ ಆರಿಸುತ್ತಿದ್ದವನ ಬಲ ಮೊಣಕಾಲಿಗೆ ಪಕ್ಕದ ಜಮೀನಿನ ಮುನೇಶ್ ಗುಂಡು ಹೊಡೆದ. ಹಂದಿ ಅಟ್ಟಿಸಿಕೊಂಡು ಕೋವಿ ಸಮೇತ ಇವರ ತೋಪಿಗೆ ನುಗ್ಗಿದ್ದವನು ಅವನು. ಅವನ ಕೈಲಿದ್ದದ್ದು ಬೆಳೆ ಕಾಯುವ ಲೈಸೆನ್ಸು; ಸ್ವಂತ ಜಮೀನು ದಾಟಿ ಕೋವಿ ಒಯ್ಯುವಂತಿರಲಿಲ್ಲ. ಲೈಸೆನ್ಸು ಉಳಿಸಿಕೊಳ್ಳಲು ಅವನು ಕಥೆಯನ್ನೇ ತಿರುಗಿಸಿದ: ಗೌಸ್ ತನ್ನ ತೋಪಿಗೆ ಬಂದು ಕಾಯಿ ಕದಿಯುತ್ತಿದ್ದ. ಠಾಣೆಯಲ್ಲಿ ಅದನ್ನೇ ಬರೆದುಕೊಂಡರು.

ಆಮೇಲೆ ಗೌಸ್‌ಗೆ ಯಾರೂ ತೋಪು ಕೊಡಲಿಲ್ಲ. ಅವನೂ ಕೇಳಲು ಹೋಗಲಿಲ್ಲ. ಮಂಡಿಯ ಕಡೆ ತಲೆ ಹಾಕಲಿಲ್ಲ, ಮಸೀದಿಗೂ ಜನ ಚದುರಿದ ಮೇಲೆ ಹೋಗುತ್ತಿದ್ದ. ಕುಂಟುವುದನ್ನು ಅವನು ಸಹಿಸಿಕೊಂಡಿದ್ದ. ಕಳ್ಳ ಎಂಬ ಮಾತು ಅವನಿಗೆ ಜೀರ್ಣವಾಗಿರಲಿಲ್ಲ. ಸಾಯುವುದರೊಳಗೆ ಅದು ತನ್ನ ಮೈಮೇಲಿಂದ ಹೋಗಬೇಕು, ಅಷ್ಟೇ ಅವನ ಆಸೆ.

ಇನ್ನು ಆ ವಿಧೇಯಕ. ಬೆಳೆ ಕಾಯುವ ಕೋವಿಯನ್ನು ತಾಲ್ಲೂಕಿನಲ್ಲಿ ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ತಿರುಗಬಹುದು ಎನ್ನುವುದು ಅದರ ಸಾರ. ಕೋವಿಯ ಕಾನೂನು ದೆಹಲಿಯವರ ಕೈಲಿದೆ, ನಮಗೆ ಅಧಿಕಾರವಿಲ್ಲ ಎಂದು ಕಾನೂನು ಇಲಾಖೆ ಎರಡು ಪುಟ ಟಿಪ್ಪಣಿ ಬರೆದಿತ್ತು. ಆ ಟಿಪ್ಪಣಿಯನ್ನು ಫೈಲಿನ ತಳಕ್ಕೆ ತಳ್ಳಿ ವಿಧೇಯಕವನ್ನು ಮಂಡಿಸಿದರು. ಅವರಿಗೆ ಬೇಕಾಗಿದ್ದದ್ದು ಕಾನೂನಲ್ಲ, 'ರೈತರ ಕೈಗೆ ಬಲ ಕೊಟ್ಟವರು' ಎಂಬ ಫ್ಲೆಕ್ಸು. ಎದುರು ಪಕ್ಷದವರು ಅರ್ಧ ದಿನ ಕೂಗಾಡಿದರು. ಅವರ ಬಾಯಿ ಮುಚ್ಚಿಸಲು ಒಂದು ಸಮಿತಿ ಮಾಡಿದರು. ಶಾಸಕ ಕಾಂತರಾಜ್ ಅದರ ಅಧ್ಯಕ್ಷ. ಗುಂಡು ಹೊಡೆದ ಮುನೇಶ್ ಈ ಕಾಂತರಾಜನ ಹೆಂಡತಿಯ ತಮ್ಮ. ನಾಚಿಕೆ ಇದ್ದವರು ಅಂಥ ಸಮಿತಿಯಿಂದ ದೂರ ಉಳಿಯುತ್ತಿದ್ದರು. ಈತನ ವಿಷಯದಲ್ಲಿ ಆ ನಂಟೇ ಅನುಭವ ಎನಿಸಿಕೊಂಡಿತು.

ಕೋಲಾರದ ಸಭೆಯಲ್ಲಿ ಸಾಕ್ಷಿ ಕೇಳುವುದಕ್ಕಿಂತ ತಿನ್ನುವುದೇ ಹೆಚ್ಚು ನಡೆಯಿತು. ಮುಳಬಾಗಿಲಿನಿಂದ ದೋಸೆಯವರನ್ನೇ ಕರೆಸಿದ್ದರು. ಮುಂದಿನ ಸಾಲಿನಲ್ಲಿ ಪಕ್ಷದ ಹುಡುಗರು ರೈತರ ಹಸಿರು ಶಾಲು ಹೊದ್ದು ಕೂತು, ಎದ್ದೆದ್ದು ಒಂದೇ ಮಾತು ಒಪ್ಪಿಸಿದರು. ಸದಸ್ಯರೊಬ್ಬರು ಹಲ್ಲಿನ ಸಂದಿಯ ಕಾಯಿತುರಿಯನ್ನು ವಿಧೇಯಕದ ಪ್ರತಿಯ ಮೂಲೆಯಿಂದಲೇ ತೆಗೆದರು. ಅಂಬ್ರೀನ್ ತಲೆ ತಗ್ಗಿಸಿ ಬರೆಯುತ್ತಿದ್ದಳು.

ಕೊನೆಗೆ ಗೌಸ್‌ನನ್ನು ಕರೆದರು. ಅವನು ಊರುಗೋಲು ಊರಿ ನಿಂತು, ಮಗಳ ಕಡೆ ನೋಡದೆ ಮಾತಾಡಿದ.

"ಸ್ವಾಮಿ, ಆ ತೋಪು ನಾನು ಹಿಡಿದಿದ್ದು. ಕಾಯಿ ನಂದು. ಕೋವಿ ತಗೊಂಡು ಒಳಕ್ಕೆ ಬಂದಿದ್ದು ಮುನೇಶಪ್ಪ. ಹೊಡೆದಿದ್ದೂ ಅವನೇ. ಕೋವಿ ಹೊತ್ಕೊಂಡು ಬೇರೆಯೋರ ಜಮೀನಿಗೆ ಬಂದ್ರೆ ಏನಾಗ್ತೈತೆ ಅನ್ನೋದಕ್ಕೆ ನನ್ ಕಾಲೇ ಸಾಕ್ಷಿ. ನಾನು ಕಳ್ಳ ಅಲ್ಲ. ಇಷ್ಟು ಬರ್ಕೊಳ್ಳಿ ಸಾಕು."

ಕಾಂತರಾಜ್ ಕೈ ಒರೆಸಿಕೊಂಡು ವರದಿಗಾರರ ಮೇಜಿನ ಕಡೆ ತಿರುಗಿದ. ಅಲ್ಲಿ ಕೂತವಳು ಯಾರ ಮಗಳೆಂದು ಅವನಿಗೆ ಗೊತ್ತಿರಲಿಲ್ಲ.

"ನೋಡಮ್ಮಾ, ಈ ಸಾಬ್ರು ಹೇಳಿದ್ದಷ್ಟೂ ಕಡತದಿಂದ ತೆಗೆದುಬಿಡು. ನಮ್ ಬಾಮೈದ ಇವನ ತೋಪೊಳಕ್ಕೆ ಹೋಗಿದ್ದು, ಗುಂಡು ಹಾರ್ಸಿದ್ದು, ಸ್ಟೇಷನ್ನಾಗೆ ಕಳ್ಳ ಅಂತ ಬರ್ಸಿದ್ದು, ಅವೆಲ್ಲಾ ಆಗೋದ ಮಾತು. ಈಗ್ಯಾಕೆ ಎತ್ತೋದು? ಏನಯ್ಯಾ ಗೌಸು, ದೋಸೆ ತಿಂದ್ಯಾ? ತಿನ್ಕೊಂಡು ಹೋಗು."

ಮುಂದಿನ ಸಾಲು ನಕ್ಕಿತು. ಗೌಸ್ ಏನೂ ತಿನ್ನದೆ ಬಸ್‌ಸ್ಟ್ಯಾಂಡಿಗೆ ನಡೆದ. ಅಂಬ್ರೀನಳ ಪೆನ್ನು ನಿಂತಿರಲಿಲ್ಲ.

ಮರುದಿನ ಅವಳು ನಡವಳಿ ಟೈಪು ಮಾಡಿದಳು. ಅಪ್ಪನ ಮಾತು ಇದ್ದ ಕಡೆ ಮೂರು ಚುಕ್ಕಿ ಹಾಕಿ, 'ಅಧ್ಯಕ್ಷರ ಆದೇಶದ ಮೇರೆಗೆ ತೆಗೆದುಹಾಕಲಾಗಿದೆ' ಎಂದು ಬರೆದಳು. ಅದರ ಕೆಳಗೆ ಅಧ್ಯಕ್ಷರ ಆದೇಶವನ್ನು ಬಾಮೈದ, ತೋಪು, ದೋಸೆ ಸಮೇತ ಪೂರ್ತಿಯಾಗಿ ಇಳಿಸಿದಳು. ಹಿರಿಯ ವರದಿಗಾರ ನರಸಿಂಹಪ್ಪ ಓದಿ ಕನ್ನಡಕ ತೆಗೆದರು.

"ಇದೇನಮ್ಮಾ ಇದು?"

"ಸಾಕ್ಷಿ ಹೇಳಿದ್ದು ತೆಗಿ ಅಂದ್ರು, ತೆಗ್ದಿದ್ದೀನಿ ಸಾರ್. ಅವರು ಹೇಳಿದ್ದು ತೆಗಿ ಅಂತ ಯಾರೂ ಹೇಳ್ಲಿಲ್ಲ."

ನರಸಿಂಹಪ್ಪನವರಿಗೆ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಅವರು ಮತ್ತೊಮ್ಮೆ ಓದಿ, "ನಿಯಮ ಸರಿಯಾಗೈತೆ," ಎಂದು ಸಹಿ ಹಾಕಿದರು.

ಪದ್ಧತಿಯಂತೆ ಕರಡು ತಿದ್ದುಪಡಿಗೆಂದು ಕಾಂತರಾಜನಿಗೆ ಹೋಯಿತು. ಅವನ ಆಪ್ತ ಸಹಾಯಕ ಎಲ್ಲ ಕರಡಿನ ಮೇಲೂ ಬರೆಯುತ್ತಿದ್ದಂತೆ ಇದರ ಮೇಲೂ 'ತಿದ್ದುಪಡಿ ಇಲ್ಲ' ಎಂದು ಬರೆದು ವಾಪಸು ಕಳಿಸಿದ. ವರದಿ ಅಚ್ಚಾಯಿತು. ಇನ್ನೂರ ಹದಿನಾರು ಪುಟ. ಎಲ್ಲ ಸದಸ್ಯರಿಗೂ ಒಂದೊಂದು ಪ್ರತಿ ಹಂಚಿದರು. ಕೆಲವರು ಅದರಿಂದ ಗಾಳಿ ಬೀಸಿಕೊಂಡರು. ಒಬ್ಬನೂ ತೆರೆದು ನೋಡಲಿಲ್ಲ.

ವಿಧೇಯಕ ಮತಕ್ಕೆ ಬಂದ ದಿನ ಸದನದಲ್ಲಿ ಬೇರೆ ಯಾವುದೋ ಜಗಳ. ಯಾರೋ ಯಾರದೋ ತಾಯಿಯ ಹೆಸರೆತ್ತಿ ಬೈದಿದ್ದರು, ಬೈಸಿಕೊಂಡವರ ಪಕ್ಷ ಪೂರ್ತಿ ಸಭಾಧ್ಯಕ್ಷರ ಪೀಠದ ಮುಂದೆ ನಿಂತು ಕಾಗದ ಹರಿದು ತೂರುತ್ತಿತ್ತು. ಆ ಗದ್ದಲದಲ್ಲೇ ವರದಿಯನ್ನು ಓದಲಾಗಿದೆ ಎಂದು ಭಾವಿಸಿದರು. ಖಂಡ ಎರಡರಿಂದ ಹದಿನಾಲ್ಕನ್ನು ಒಟ್ಟಿಗೆ ಮತಕ್ಕೆ ಹಾಕಿದರು. ಹೌದೆನ್ನುವವರು ಹೌದೆನ್ನಿ, ಅಲ್ಲವೆನ್ನುವವರು ಅಲ್ಲವೆನ್ನಿ. ಹೌದೆಂದವರು ಯಾರು, ಬೈದವರು ಯಾರು ಎಂದು ಮೇಜಿನ ಪಕ್ಕದಲ್ಲೇ ಕೂತ ಅಂಬ್ರೀನಳಿಗೂ ತಿಳಿಯಲಿಲ್ಲ. ನಾಲ್ಕು ನಿಮಿಷದಲ್ಲಿ ಮುಗಿಯಿತು. ಮೇಲ್ಮನೆಯಲ್ಲಿ ಮರುದಿನ ಊಟಕ್ಕೆ ಮೊದಲೇ ಆಯಿತು. ಅಲ್ಲಿಂದ ವಿಧೇಯಕ ರಾಜ್ಯಪಾಲರ ಮೂಲಕ ರಾಷ್ಟ್ರಪತಿಗಳ ಒಪ್ಪಿಗೆಗೆಂದು ದೆಹಲಿಗೆ ಹೋಗಿ ಯಾವುದೋ ಬೀರು ಸೇರಿತು. ಅದು ಎಂದೂ ಹೊರಗೆ ಬರುವುದಿಲ್ಲವೆಂದು ಮಂಡಿಸಿದವರಿಗೂ ಗೊತ್ತಿತ್ತು. ಫ್ಲೆಕ್ಸುಗಳು ಮಾತ್ರ ಮತ ಮುಗಿದ ಸಂಜೆಯೇ ಮೇಲೆದ್ದವು.

ಮುಂದಿನ ಭಾನುವಾರ ಅಂಬ್ರೀನ್ ವರದಿಯ ಒಂದು ಪ್ರತಿ ಹಿಡಿದು ಶ್ರೀನಿವಾಸಪುರಕ್ಕೆ ಹೋದಳು. ಒಲ್ಲೆನೆಂದ ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ವೆಂಕಟರಮಣಪ್ಪನ ಮನೆಗೆ ಕರೆದೊಯ್ದಳು. ಮಾವು ಹೂ ಬಿಟ್ಟಿತ್ತು, ತೋಪು ಗುತ್ತಿಗೆಗೆ ಕೊಡುವ ಕಾಲ. ಜಗಲಿಯ ಮೇಲೆ ನಿಂತೇ ಅವಳು ಕಾಂತರಾಜನ ಮಾತನ್ನು ಒಂದಕ್ಷರ ಬಿಡದೆ ಓದಿದಳು.

"ಸರ್ಕಾರಿ ಪುಸ್ತಕ ಇದು, ಗೌಡ್ರೇ. ಅವರ ಬಾಯಿಂದಾನೇ ಬಂದಿರೋದು. ನಮ್ಮಪ್ಪ ಕಳ್ಳ ಅಲ್ಲ ಅಂತ ಈಗಾದ್ರೂ ಒಪ್ಕೊಳ್ತೀರಾ?"

ವೆಂಕಟರಮಣಪ್ಪ ಅವಳನ್ನು ನೋಡಿ, ಗೌಸ್‌ನನ್ನು ನೋಡಿ, ತಲೆ ಕೆರೆದುಕೊಂಡ.

"ಕಳ್ಳ ಅಂತ ಯಾರಮ್ಮಾ ಅಂದಿದ್ದು? ನನ್ ತೋಪಾಗೆ ನಡೆದಿದ್ದು ನಂಗೆ ಗೊತ್ತಿರಲ್ವಾ? ಊರಿಗೇ ಗೊತ್ತು. ಸ್ಟೇಷನ್ನೋರಿಗೂ ಗೊತ್ತು."

"ಮತ್ತೆ ತೋಪು ಯಾಕೆ ಕೊಡ್ಲಿಲ್ಲ?"

"ನನ್ ತೋಪಿಗೆ ಹೋಗೋ ದಾರಿ ಮುನೇಶನ ಮನೆ ಮುಂದೆ ಐತೆ ಕಣಮ್ಮ. ಸಾಬ್ರಿಗೆ ಕೊಟ್ರೆ ಅವನಿಗೆ ಆಗಲ್ಲ. ಈಗಂತೂ ಕಾನೂನೇ ಆಯ್ತಲ್ಲ, ಮೊನ್ನೆಯಿಂದ ಮಂಡಿಗೂ ಕೋವಿ ಹೆಗಲಿಗೆ ಹಾಕ್ಕೊಂಡೇ ಬರ್ತಾವ್ನೆ."

ಅದು ಕಾನೂನಾಗಿಲ್ಲ ಎನ್ನಲು ಅಂಬ್ರೀನ್ ಬಾಯಿ ತೆರೆದಳು. ಅಷ್ಟರಲ್ಲಿ ಗೌಸ್ ಅವಳ ಕೈ ಹಿಡಿದು ತಡೆದ.

"ಅಂದ್ರೆ, ಯಾರೂ ನಂಬಿರ್ಲಿಲ್ವಾ ವೆಂಕಟರಮಣಪ್ಪ? ಒಬ್ರೂ?"

"ಯಾರ್ ನಂಬ್ತಾರೆ ಸಾಬ್ರೇ. ನೀವು ಕದೀತೀರಾ ಅಂದ್ರೆ."

ಗೌಸ್ ಊರುಗೋಲು ಒರಗಿಸಿ ಜಗಲಿಯ ಅಂಚಿಗೆ ಕೂತ. ಎರಡು ವರ್ಷ ಅವನು ಮನೆಯ ಹಿಂಬಾಗಿಲಿನಿಂದ ಓಡಾಡಿದ್ದ. ತಾನು ಕಳ್ಳನಲ್ಲವೆಂದು ಚೆನ್ನಾಗಿ ತಿಳಿದಿದ್ದ ಜನರಿಗೆ ನಾಚಿಕೊಂಡು.