ಸೂಜಿ ನಿಂತ ಜಾಗ

"ನಿಧಾನಕ್ಕೆ ಬಿಚ್ಚೋ ಜುಬೇರ್, ಗಾಜು ಒಡದೀತು!" ಎಂದು ಫಕ್ರುನ್ನೀಸಾ ಮಗನ ಮೊಣಕೈ ಹಿಡಿದಳು.

ನಿಟ್ಟುವಳ್ಳಿಯ ಮನೆ ಮುಂದೆ ವರ್ಷದಿಂದ ನೀಲಿ ತಾಡಪಾಲು ಹೊದ್ದು ನಿಂತಿದ್ದ ಸ್ಕೂಟರು ಇವತ್ತು ಗುಜರಿಗೆ ಹೊರಟಿತ್ತು. ಹ್ಯಾಂಡಲ್ ಮೇಲಿದ್ದ ತಗಡಿನ ಪೆಟ್ಟಿಗೆಯನ್ನು ಮಾತ್ರ ಕೊಡುವುದಿಲ್ಲವೆಂದು ಅವಳು ಹಟ ಹಿಡಿದಿದ್ದಳು. "ಈ ಡಬ್ಬಿ ಇಟ್ಕೊಂಡು ಏನ್ ಮಾಡ್ತಿ ಅಮ್ಮೀ? ಉಪ್ಪಿನಕಾಯಿ ಹಾಕ್ತೀಯೇನು?" ಎಂದ ಜುಬೇರ್. ಅವನು ಆಟೋ ಓಡಿಸುವವನು. ದಾರಿ ಬೇಕೆಂದರೆ ಅವನಿಗೆ ಫೋನು ಹೇಳುತ್ತದೆ.

ಮಸ್ತಾನಸಾಬ್ ಬದುಕಿದ್ದಿದ್ದರೆ ಈ ಮಾತಿಗೆ ಮಗನ ಕಿವಿ ಹಿಂಡುತ್ತಿದ್ದ. ಆಟೋ ಮೀಟರು ರಿಪೇರಿ ಅವನ ಕಸುಬು. ಹಳೆಯ ಹಲ್ಲುಚಕ್ರದ ಮೀಟರುಗಳು ಹೋಗಿ ಅಂಕಿ ಮಿನುಗುವ ಮೀಟರುಗಳು ಬಂದ ಮೇಲೆ ಕೈಗೆ ಕೆಲಸ ಕಡಿಮೆಯಾಯಿತು, ಮನೆ ತುಂಬ ಸ್ಪ್ರಿಂಗು, ಚಕ್ರಗಳು ಉಳಿದವು. ಸುಮ್ಮನೆ ಕೂರುವ ಜಾಯಮಾನ ಅವನದಲ್ಲ. ಅವುಗಳಿಂದಲೇ ಈ ಪೆಟ್ಟಿಗೆ ಕಟ್ಟಿದ. ಗಾಜಿನ ಕೆಳಗೆ ಎರಡು ಉರುಳೆ, ಅವಕ್ಕೆ ಸುತ್ತಿದ ಉದ್ದನೆಯ ಕಾಗದದ ನಕ್ಷೆ, ನಡುವೆ ಅಲ್ಲಾಡದೆ ನಿಂತ ಕೆಂಪು ಸೂಜಿ. ಗಾಡಿಯ ಮುಂದಿನ ಚಕ್ರ ತಿರುಗಿದಂತೆ ಒಂದು ಕೇಬಲ್ಲು ಉರುಳೆಯನ್ನೂ ತಿರುಗಿಸುತ್ತಿತ್ತು. ಗಾಡಿ ಎಲ್ಲಿದೆಯೋ ಆ ಊರು ಸೂಜಿಯ ಕೆಳಗೆ ಬಂದು ನಿಲ್ಲುತ್ತಿತ್ತು.

ಪಕ್ಕದಲ್ಲೊಂದು ಹಿತ್ತಾಳೆಯ ಕೀಲು. ಬಲಕ್ಕೆ ಒತ್ತಿದರೆ ಹೋಗುವ ದಾರಿ. ಎಡಕ್ಕೆ ಒತ್ತಿದರೆ ಕಾಗದ ಹಿಂದಕ್ಕೆ ಸುತ್ತಿಕೊಳ್ಳುತ್ತ ಬರುತ್ತಿತ್ತು, ಅದು ಮನೆಯ ದಾರಿ. ಹೋದಲ್ಲಿ ಕೆಲಸ ಮುಗಿಸಿ ಗಾಡಿ ತಿರುಗಿಸುವಾಗ ಕೀಲನ್ನು ಎಡಕ್ಕೆ ಒತ್ತದೆ ಮಸ್ತಾನಸಾಬ್ ಕಿಕ್ ಹೊಡೆದವನೇ ಅಲ್ಲ. "ಮರೆತರೆ ನಾನು ಮನೇಗೆ ಬಂದ್ರೂ ಪೆಟ್ಟಿಗೆ ಮುಂದಕ್ಕೇ ಹೋಗ್ತಿರ್ತೈತೆ ನೋಡು," ಎಂದು ನಗುತ್ತಿದ್ದ. ದಾವಣಗೆರೆಯಿಂದ ಹರಿಹರದವರೆಗಿನ ಊರುಗಳ ಹೆಸರನ್ನು ಆ ಕಾಗದದ ಮೇಲೆ ಬರೆದವಳು ಮಗಳು ಇರಮ್, ಶಾಲೆಗೆ ಹೋಗುತ್ತಿದ್ದಾಗ. ಅಪ್ಪನ ಮುಂದೆ ನಿಂತು ಕೀಲು ಒತ್ತುವ ಹಕ್ಕೂ ಆಗ ಅವಳದೇ.

ಅದೇ ಇರಮ್ ಹರಿಹರದಾಚೆಯ ಕೊಕ್ಕನೂರಿನ ಕೊಟ್ಟೂರೇಶನನ್ನು ಮದುವೆಯಾಗಿ ಹೋದಾಗ ಮಸ್ತಾನಸಾಬ್ ಊಟ ಬಿಟ್ಟ, ಆಮೇಲೆ ಮಾತು ಬಿಟ್ಟ. "ಅವಳ ಹೆಸರು ಈ ಮನ್ಯಾಗೆ ಎತ್ತಬ್ಯಾಡ್ರಿ," ಎಂದ. ಫಕ್ರುನ್ನೀಸಾ ಹಿತ್ತಲಲ್ಲಿ ನಿಂತು ಕದ್ದು ಫೋನು ಮಾಡುತ್ತಿದ್ದಳು. ಪ್ರತಿ ಸಲವೂ ಆ ಕಡೆಯಿಂದ ಅದೇ ಪ್ರಶ್ನೆ: "ಅಬ್ಬಾ ನನ್ನ ಬಗ್ಗೆ ಏನಾರ ಅಂದ್ರಾ ಅಮ್ಮೀ?" ಏನೂ ಅಂದಿಲ್ಲ ಎಂದು ಹೇಳಲಾರದೆ ಅವಳು ಮೊಮ್ಮಗುವಿನ ಹಲ್ಲಿನ ಮಾತಿಗೋ ಜ್ವರದ ಮಾತಿಗೋ ಹೊರಳುತ್ತಿದ್ದಳು.

ಹೋದ ವರ್ಷ ಬಕ್ರೀದ್ ಕಳೆದ ಮೇಲೆ ಒಂದು ದಿನ, "ಹರಿಹರಕ್ಕೆ ಹೋಗಿ ಒಂದು ಸ್ಪ್ರಿಂಗ್ ತರ್ತೀನಿ," ಎಂದು ಸಂಜೆಯ ಅಸರ್ ನಮಾಜು ಮುಗಿಸಿ ಹೊರಟ ಮಸ್ತಾನಸಾಬ್ ಹೆಣವಾಗಿ ಬಂದ. ರಸ್ತೆ ಬದಿ ಎದೆ ಹಿಡಿದುಕೊಂಡು ಬಿದ್ದಿದ್ದವನನ್ನು ಯಾರೋ ಪುಣ್ಯಾತ್ಮರು ಸ್ಕೂಟರಿನ ಸಮೇತ ಟ್ರಾಕ್ಟರಿಗೆ ಹಾಕಿಕೊಂಡು ಬಂದು ಹರಿಹರದ ಆಸ್ಪತ್ರೆಯಲ್ಲಿ ಬಿಟ್ಟು ಹೋಗಿದ್ದರು. ಅಲ್ಲಿಂದ ಸ್ಕೂಟರು ಟೆಂಪೋ ಏರಿ ಮನೆಗೆ ಬಂತು. ಯಾವ ರಸ್ತೆ ಎಂದು ಯಾರೂ ಕೇಳಲಿಲ್ಲ. ಹರಿಹರದ ರಸ್ತೆಯೇ ಎಂದು ಎಲ್ಲರೂ ತಿಳಿದರು. ಇರಮ್‌ಗೆ ಸುದ್ದಿ ಮುಟ್ಟಿದ್ದು ಮಣ್ಣಾದ ಮೇಲೆ.

ಅಂದಿನಿಂದ ಆ ಪೆಟ್ಟಿಗೆ ಫಕ್ರುನ್ನೀಸಾಳನ್ನು ಬಿಟ್ಟಿರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ತಾಡಪಾಲಿನೊಳಗಿಂದ ಟಕ್ ಎನ್ನುತ್ತಿತ್ತು. ತಗಡು ತಣ್ಣಗಾಗುವ ಸದ್ದು ಎನ್ನುತ್ತಿದ್ದ ಜುಬೇರ್. ಇರಬಹುದು. ಆದರೆ ಅವಳಿಗೆ ಅದು ಗಂಡ ಕೀಲು ಒತ್ತಿದ ಸದ್ದೇ. ರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಾಗಿಲವರೆಗೆ ಹೋಗಿ, ಯಾರೂ ಇಲ್ಲದ್ದನ್ನು ನೋಡಿ, ತವೆಯ ಮೇಲಿನ ರೊಟ್ಟಿ ಸೀದ ವಾಸನೆಗೆ ವಾಪಸು ಬರುತ್ತಿದ್ದಳು. ತಾಡಪಾಲು ಎತ್ತಿ ನೋಡುವ ಧೈರ್ಯ ಮಾತ್ರ ಒಂದು ದಿನವೂ ಬರಲಿಲ್ಲ.

ಈಗ ಪೆಟ್ಟಿಗೆ ಕೈಗೆ ಬಂದಿತ್ತು. ಗಾಜಿಗೆ ಮೆತ್ತಿದ್ದ ಕೆಸರನ್ನು ಸೆರಗಿನಿಂದ ಒರೆಸಿದಳು. ಸೂಜಿಯ ಕೆಳಗೆ ಹರಿಹರ ಇರಲಿಲ್ಲ. ಹರಿಹರಕ್ಕೆ ಮುಗಿಯಬೇಕಿದ್ದ ಕಾಗದಕ್ಕೆ ಮೈದಾ ಅಂಟಿನಲ್ಲಿ ಹೊಸ ಚೂರೊಂದನ್ನು ಹಚ್ಚಲಾಗಿತ್ತು. ಅದರ ಮೇಲೆ ಇರಮ್‌ಳ ದುಂಡನೆಯ ಅಕ್ಷರವಲ್ಲ, ಕನ್ನಡ ಬರೆಯಲು ಒದ್ದಾಡುತ್ತಿದ್ದ ಮಸ್ತಾನಸಾಬನ ಸೊಟ್ಟ ಅಕ್ಷರ: ನಾಲೆ ಸೇತುವೆ. ಕೊಕ್ಕನೂರು. ಸೂಜಿ ನಾಲೆ ಸೇತುವೆಯ ಮೇಲೆ ನಿಂತಿತ್ತು.

"ಯಾ ಅಲ್ಲಾ," ಎಂದ ಜುಬೇರ್. "ಅಬ್ಬಾ ಇರಮ್ ಆಪಾನ ಮನೆಗೆ ಹೊಂಟಿದ್ರಾ?"

ಅವನು ಕೀಲನ್ನು ನೋಡಿರಲಿಲ್ಲ. ಫಕ್ರುನ್ನೀಸಾ ನೋಡಿದ್ದಳು. ಕೀಲು ಎಡಕ್ಕಿತ್ತು. ಅಂದರೆ ಹೊರಟಿದ್ದಷ್ಟೇ ಅಲ್ಲ, ಹೋಗಿದ್ದ. ಕೊಕ್ಕನೂರು ಮುಟ್ಟಿ, ಮಗಳ ಮನೆಯಿಂದ ತಿರುಗಿ ಬರುವಾಗ ನಾಲೆಯ ಹತ್ತಿರ ಬಿದ್ದಿದ್ದ. ಅವಳಿಗೆ ಮೊದಲು ಎದೆ ತುಂಬಿ ಬಂತು, ಹಿಂದೆಯೇ ಮೈಯೆಲ್ಲ ಉರಿಯಿತು. ಅಪ್ಪ ಬಾಗಿಲಿಗೆ ಬಂದಿದ್ದನ್ನು ಇಷ್ಟು ದಿನ ಮುಚ್ಚಿಟ್ಟಳೇ ಹುಡುಗಿ? ಏನೆಂದು ಕಳಿಸಿದಳು? ಯಾವ ಮಾತು ತಾಗಿ ಆ ಎದೆ ನಿಂತಿತು?

"ಆಟೋ ತೆಗಿ. ಕೊಕ್ಕನೂರಿಗೆ ಬಿಡು," ಎಂದು ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡಳು.

ನಾಲೆ ಸೇತುವೆ ಬಂದಾಗ ಕಣ್ಣು ಮುಚ್ಚಿಕೊಂಡಳು. ಭಾವನ ಮುಖ ನೋಡಲು ಇನ್ನೂ ಮನಸ್ಸಿಲ್ಲದ ಜುಬೇರ್ ಅವಳನ್ನು ಮನೆ ಮುಂದೆ ಇಳಿಸಿ, "ಚಾ ಕುಡ್ದು ಬರ್ತೀನಿ," ಎಂದು ಹೋಗಿಬಿಟ್ಟ.

ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಹೊರಗೆ ಬಂದ ಇರಮ್ ತಾಯಿಯನ್ನು ಕಂಡು ನಿಂತಲ್ಲೇ ನಿಂತಳು. ಆಮೇಲೆ ಓಡಿ ಬಂದು ತಬ್ಬಿಕೊಂಡಳು. ಸೊರಗಿದ್ದಳು. ಫಕ್ರುನ್ನೀಸಾ ಮನಸ್ಸು ಗಟ್ಟಿ ಮಾಡಿಕೊಂಡಳು. ಚಾಪೆಯ ಮೇಲೆ ಕೂತವಳು ನೀರನ್ನೂ ಮುಟ್ಟಲಿಲ್ಲ.

"ಅಬ್ಬಾ ತೀರ್ಕೊಂಡ ದಿನ ಇಲ್ಲಿಗೆ ಯಾರು ಬಂದಿದ್ರು? ನಿಜ ಹೇಳು."

"ಯಾರೂ ಬಂದಿರ್ಲಿಲ್ಲ ಅಮ್ಮೀ." ಇರಮ್ ತಾಯಿಯ ಮುಖವನ್ನೇ ನೋಡಿದಳು, ನೆನಪು ಮಾಡಿಕೊಂಡಳು. "ಒಂದು ಗಾಡಿ ಬಂದಿತ್ತು. ಮಾರನೇ ದಿನಾನೇ ಸುದ್ದಿ ಬಂತಲ್ಲ, ಅದಕ್ಕೆ ನೆನಪೈತೆ. ಕತ್ಲಾಗ್ತಿತ್ತು, ಕರೆಂಟ್ ಇರ್ಲಿಲ್ಲ. ಆ ಬೇವಿನ ಮರದ ಹತ್ರ ಯಾರೋ ನಿಲ್ಸಿ, ಲೈಟ್ ಸೀದಾ ನಮ್ಮ ಬಾಗಿಲಿಗೇ ಬಿಟ್ಟಿದ್ರು. ಕಣ್ಣು ಕುಕ್ಕಿ ಏನೂ ಕಾಣ್ಲಿಲ್ಲ. 'ಯಾರ್ರೀ ಅದು?' ಅಂದೆ, ಮಾತಿಲ್ಲ ಕತೆಯಿಲ್ಲ. ಇವರು ಊರಾಗಿರ್ಲಿಲ್ಲ. ಮದುವ್ಯಾದಾಗ ಎಷ್ಟು ಮಂದಿ ಹೆದರ್ಸಿದ್ರು, ನಿನಗೇ ಗೊತ್ತೈತಲ್ಲ. ಜೀವ ಹೋದಂಗಾತು. ಮಗೂನ್ ಎತ್ಕೊಂಡು ಒಳಗ್ ಬಂದು ಬಾಗಿಲು ಹಾಕಿ ಚಿಲಕ ಜಡಿದೆ. ಆಮೇಲೆ ಹೋತು ಗಾಡಿ. ಯಾಕ ಕೇಳ್ತಿ?"

ಫಕ್ರುನ್ನೀಸಾ ಬಾಗಿಲ ಕಡೆ ನೋಡಿದಳು. ಹಸಿರು ಬಣ್ಣದ ಬಾಗಿಲು, ದಪ್ಪನೆಯ ಕಬ್ಬಿಣದ ಚಿಲಕ. ಅದನ್ನು ಜಡಿದ ಸದ್ದು ಬೇವಿನ ಮರದವರೆಗೆ ಕೇಳಿಸಿರಲೇಬೇಕು. ಲೈಟು ಆರಿಸಿ, ಬೇಟಿ ಎಂದು ಒಂದು ಮಾತು ಕರೆಯಬಾರದಿತ್ತೇ ಆ ಮನುಷ್ಯ! ನಾಚಿಕೆಗೆ ಬಾಯಿ ಬಂದಿರಲಿಲ್ಲವೇನೋ. ಮಗಳು ತನ್ನನ್ನು ಕಂಡೇ ಬಾಗಿಲು ಹಾಕಿದಳೆಂದು ತಿಳಿದು, ಕೀಲನ್ನು ಎಡಕ್ಕೆ ಒತ್ತಿ, ಹೊರಟಿದ್ದ.

ಅವಳ ಸಿಟ್ಟೆಲ್ಲ ಇಳಿದುಹೋಯಿತು. ಅದರ ಜಾಗಕ್ಕೆ ಭಯ ಬಂತು. ಈ ಹುಡುಗಿಗೆ ಇದು ಗೊತ್ತಾದರೆ ಉಳಿದ ಆಯುಷ್ಯವೆಲ್ಲ ಆ ಬಾಗಿಲನ್ನು ಹಾಕುತ್ತಲೇ ಇರುತ್ತಾಳೆ.

"ಆ ಚೀಲದಾಗೆ ಏನೈತೆ ಅಮ್ಮೀ?"

ಫಕ್ರುನ್ನೀಸಾ ಚೀಲದೊಳಗೆ ಕೈ ಇಳಿಸಿದಳು. ಹೆಬ್ಬೆರಳು ಕೀಲನ್ನು ಹುಡುಕಿತು. ವರ್ಷದಿಂದ ಕದಲದ ಕೀಲು, ಬಿಗಿದು ಕೂತಿತ್ತು. ಉಸಿರು ಬಿಗಿಹಿಡಿದು ಬಲಕ್ಕೆ ಒತ್ತಿದಳು.

ಟಕ್.

ಆ ಸದ್ದಿಗೆ ಇರಮ್‌ಳ ಕಣ್ಣು ಅರಳಿತು. "ಅಬ್ಬಾನ ಪೆಟ್ಟಿಗೆ!" ಎಂದವಳು ತಾನೇ ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ತನ್ನ ಅಕ್ಷರಗಳನ್ನು ನೋಡಿ ನಕ್ಕಳು. ಅಂಟಿಸಿದ ಚೂರಿನ ಮೇಲೆ ಬೆರಳು ನಿಂತಿತು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕೀಲನ್ನು ಮುಟ್ಟಿ ನೋಡಿದಳು, ಮತ್ತೆ ಸೂಜಿಯನ್ನು ನೋಡಿದಳು.

"ಬಲಕ್ಕೈತೆ," ಎಂದಳು. "ಅಮ್ಮೀ, ಅಬ್ಬಾ ಇಲ್ಲಿಗೆ ಬರ್ತಿದ್ರಾ?"

"ಬರ್ತಿದ್ರು ಬೇಟಿ. ನಿನ್ನ ಹತ್ರಾನೇ ಬರ್ತಿದ್ರು. ಇನ್ನೊಂಚೂರು ದಾರಿ ಉಳಿದಿತ್ತು ಅಷ್ಟೇ."

ಇರಮ್ ಪೆಟ್ಟಿಗೆಯ ಮೇಲೆ ಹಣೆಯಿಟ್ಟು ಅತ್ತಳು. ಅಪ್ಪ ಸತ್ತಾಗ ಅಳಲಾಗದೆ ಉಳಿದಿದ್ದ ಅಳು ಅದು. ಮಗು ಅವಳ ಕೂದಲು ಎಳೆಯುತ್ತ ತಾನೂ ಅಳತೊಡಗಿತು. ಫಕ್ರುನ್ನೀಸಾ ಇಬ್ಬರ ಬೆನ್ನನ್ನೂ ಸವರುತ್ತ ಕೂತಳು. ಅವಳಿಗೆ ಮಾತ್ರ ಕಣ್ಣೀರು ಬರಲಿಲ್ಲ.

ಹೊತ್ತು ಮುಳುಗಿತು. ಕಣ್ಣೊರೆಸಿಕೊಂಡ ಇರಮ್ ಪೆಟ್ಟಿಗೆಯನ್ನು ಚಾಪೆಯ ಮೇಲಿಟ್ಟು ಚಾ ಮಾಡಲು ಎದ್ದಳು. ಅಷ್ಟರಲ್ಲಿ ಹೊರಗೆ ಆಟೋದ ಸದ್ದಾಯಿತು. ಜುಬೇರ್ ಇರಬೇಕು. ಬೇವಿನ ಮರದ ಹತ್ತಿರ ನಿಂತ ಅದರ ಬೆಳಕು ಸೀದಾ ಬಾಗಿಲಿಗೆ ಬಿತ್ತು.

"ಅಯ್ಯ, ಕಣ್ಣಿಗೇ ಬಿಡ್ತಾರಲ್ಲ," ಎಂದು ಇರಮ್ ಒಂದು ಕೈ ಕಣ್ಣಿಗೆ ಅಡ್ಡ ಹಿಡಿದು ಇನ್ನೊಂದನ್ನು ಬಾಗಿಲಿಗೆ ಚಾಚಿದಳು.

"ಹಾಕಬ್ಯಾಡ!"

ಫಕ್ರುನ್ನೀಸಾ ಕೂಗಿದ ರಭಸಕ್ಕೆ ಮಗು ಬೆಚ್ಚಿತು. ಅವಳು ಎದ್ದು ಬಂದು ಮಗಳ ಕೈ ಹಿಡಿದಿದ್ದಳು. ಎಂಜಿನ್ನು ನಿಂತಿತು, ಲೈಟು ಆರಲಿಲ್ಲ. ಬೆಳಕು ಹೊಸ್ತಿಲು ದಾಟಿ ಚಾಪೆಯ ಮೇಲಿದ್ದ ಪೆಟ್ಟಿಗೆಯವರೆಗೆ ಬಿದ್ದಿತ್ತು. ಇಬ್ಬರೂ ಕಣ್ಣು ಕಿರಿದು ಮಾಡಿಕೊಂಡು, ತೆರೆದ ಬಾಗಿಲಲ್ಲಿ, ಬೇವಿನ ಮರದ ಕಡೆ ನೋಡುತ್ತ ನಿಂತರು.